ಎರಡು ಖರ್ಜೂರ, ಒಂದು ಕಂಪ್ಯೂಟರ್

ಕಂಪ್ಯೂಟರ್ ಯಾವಾಗ ಕೊಳ್ಳಬೇಕು ಎಂಬುದು ಅಂಗಡಿಯವನನ್ನು ಕೇಳಬೇಕಾದ ಪ್ರಶ್ನೆ, ಅದಕ್ಕೂ ತತ್ವಜ್ಞಾನಕ್ಕೂ ಏನು ಸಂಬಂಧ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಈ ಒಂದು ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡು ಎರಡು ಮೂರು ವರ್ಷ ತಿರುಗುವ ಯುವಕರನ್ನು ನಾನು ಕಂಡಿದ್ದೇನೆ. ಅವರೆಲ್ಲ ಮನೆಯಲ್ಲೇ ಕುಳಿತು ಸಂಗೀತ ಮಾಡಬೇಕೆನ್ನುವವರು. ಕೆಲವರಿಗೆ ಕವ್ವಾಲಿ, ಕೆಲವರಿಗೆ ಭಾವಗೀತೆ, ಕೆಲವರಿಗೆ ರ್‍ಯಾಪ್. ಹಿಂದೆ ಇದಕ್ಕೆ ದೊಡ್ಡ ಊರಿನ ಸ್ಟುಡಿಯೋ ಬೇಕಾಗಿತ್ತು, ಗಂಟೆಗಿಷ್ಟು ಎಂದು ಬಾಡಿಗೆ ಕೊಡಬೇಕಾಗಿತ್ತು. ಈಗ ಒಂದು ಕೋಣೆ, ಒಂದು ಮೈಕು, ಒಂದು ಕಂಪ್ಯೂಟರ್ ಇದ್ದರೆ ಹಾಡು ತಯಾರಾಗುತ್ತದೆ. 2020ರಲ್ಲಿ ಐದು ಗ್ರ್ಯಾಮಿ ಪ್ರಶಸ್ತಿ ಗೆದ್ದ ಬಿಲ್ಲಿ ಐಲಿಶ್ ಎಂಬ ಅಮೆರಿಕದ ಹುಡುಗಿಯ ಹಾಡುಗಳಲ್ಲಿ ಹೆಚ್ಚಿನವು ತಯಾರಾದದ್ದು ಲಾಸ್ ಏಂಜಲೀಸಿನ ಅವರ ತಂದೆತಾಯಿಯ ಮನೆಯಲ್ಲಿ, ಅಣ್ಣ ಮಲಗುವ ಕೋಣೆಯಲ್ಲಿ. ಈ ಸುದ್ದಿ ನಮ್ಮ ಹುಡುಗರಿಗೂ ತಲುಪಿದೆ. ಆಸೆ ಹುಟ್ಟಿದೆ. ಆಸೆಯ ಜೊತೆಗೆ ಗೊಂದಲವೂ ಹುಟ್ಟಿದೆ.

ಗೊಂದಲದ ಸ್ವರೂಪ ಇಷ್ಟು. ಇವತ್ತು ಕೊಂಡ ಯಂತ್ರ ಬರುವ ವರ್ಷ ಹಳತಾಗುತ್ತದೆ. ಬರುವ ವರ್ಷ ಇದೇ ದುಡ್ಡಿಗೆ ಇದಕ್ಕಿಂತ ಚುರುಕಾದದ್ದು ಸಿಗುತ್ತದೆ. ಹಾಗಾದರೆ ಇನ್ನೊಂದು ವರ್ಷ ತಡೆಯುವುದು ಜಾಣತನವಲ್ಲವೇ? ಸರಿ, ತಡೆದೆವು ಎಂದುಕೊಳ್ಳಿ. ಬರುವ ವರ್ಷವೂ ಈ ಮಾತು ಅಷ್ಟೇ ನಿಜವಾಗಿರುತ್ತದೆ. ತರ್ಕದಲ್ಲಿ ಎಲ್ಲೂ ಬಿರುಕಿಲ್ಲ. ಆದರೆ ಅದನ್ನು ನಿಷ್ಠೆಯಿಂದ ಪಾಲಿಸಿದವನು ಸಾಯುವ ತನಕ ಕಂಪ್ಯೂಟರ್ ಕೊಳ್ಳಲಾರ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹುಬ್ಬಳ್ಳಿಯಲ್ಲಿ ಮೊಬೈಲ್ ರಿಪೇರಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾನೆ. 2025ರ ಆರಂಭದಲ್ಲಿ ಸಿಕ್ಕಾಗ ಇದನ್ನೇ ಅವನು ತನ್ನ ಮಾತಿನಲ್ಲಿ ಹೇಳಿದ. "ಸರ, ಈಗ ತಗೊಂಡ್ರ ಮುಂದಿನ ವರ್ಷ ಹಳೇದಾಗ್ತೈತಿ. ಮುಂದಿನ ವರ್ಷ ತಗೊಂಡ್ರ ಅದರ ಮುಂದಿನ ವರ್ಷ ಹಳೇದಾಗ್ತೈತಿ. ಹಂಗಾರ ತಗೊಳ್ಳೋದರ ಯಾವಾಗ?"

"ತಗೊಂಡು ಏನು ಮಾಡಬೇಕಂತೀ?" ಎಂದು ಕೇಳಿದೆ.

"ನಮ್ಮ ಅಜ್ಜನ ರಿವಾಯತ ಪದ ಅದಾವಲ್ರಿ, ಅವನ್ನ ರೆಕಾರ್ಡ್ ಮಾಡಬೇಕ್ರಿ. ಬರೇ ರೆಕಾರ್ಡ್ ಅಲ್ಲ, ಛಲೋತ್ನ್ಯಾಗ ಮಾಡಬೇಕು. ಹಿಂದ ಹಾರ್ಮೋನಿಯಂ, ಸಾರಂಗಿ ಎಲ್ಲಾ ಕೂಡಿಸಿ."

"ಅಜ್ಜಗ ವಯಸ್ಸೆಷ್ಟು?"

"ಎಂಬತ್ತೆರಡೋ ಎಂಬತ್ಮೂರೋ ಇರಬೇಕ್ರಿ."

ರಿವಾಯತ ಪದಗಳನ್ನು ಉತ್ತರ ಕರ್ನಾಟಕದವರಿಗೆ ಪರಿಚಯಿಸಬೇಕಾಗಿಲ್ಲ. ಉಳಿದವರಿಗಾಗಿ ಒಂದು ಮಾತು: ಮೊಹರಂ ಸಮಯದಲ್ಲಿ ಕರ್ಬಲಾದ ಕಥೆಯನ್ನು, ಹಸನ್ ಹುಸೇನರ ಶೋಕವನ್ನು ಕನ್ನಡದಲ್ಲಿ ಹಾಡುವ ಪದಗಳಿವು. ಮೇಳ ಕಟ್ಟಿಕೊಂಡು, ಹೆಜ್ಜೆ ಹಾಕುತ್ತ, ಎದುರು ಮೇಳಕ್ಕೆ ಸವಾಲು ಹಾಕುತ್ತ ಹಾಡುತ್ತಾರೆ. ಶಿಶುನಾಳ ಶರೀಫರೂ ಇಂಥ ಪದ ಕಟ್ಟಿದ್ದಾರೆ. ಈ ಹುಡುಗನ ಅಜ್ಜ ಕುರುಬರು, ನವಲಗುಂದದ ಕಡೆಯ ಹಳ್ಳಿಯವರು. ಕುರುಬರ ಹಿರಿಯನೊಬ್ಬ ಮೊಹರಂ ಪದ ಹಾಡುವುದು ಆ ಭಾಗದಲ್ಲಿ ಯಾರಿಗೂ ವಿಶೇಷವೆನಿಸುವುದಿಲ್ಲ. ಪತ್ರಿಕೆಗಳಲ್ಲಿ ನಾವು ಅದನ್ನು ಸೌಹಾರ್ದವೆಂದು ಬರೆಯುತ್ತೇವೆ. ಅವರಿಗೆ ಅದು ಊರ ಹಬ್ಬ, ಅಷ್ಟೇ.

ಹುಡುಗ ಮೂರು ವರ್ಷದಿಂದ ಕಂಪ್ಯೂಟರುಗಳ ಬಗ್ಗೆ ಓದುತ್ತಿದ್ದ. ಯಾವ ಪ್ರೊಸೆಸರಿನಲ್ಲಿ ಎಷ್ಟು ಕೋರ್, ಯಾವುದು ಎಷ್ಟು ಕಾಯುತ್ತದೆ, ಯಾವ ಕಂಪನಿ ಯಾವ ತಿಂಗಳು ಹೊಸತನ್ನು ಬಿಡುತ್ತದೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ಅಜ್ಜನ ಪದಗಳಲ್ಲಿ ಎಷ್ಟನ್ನು ಬರೆದಿಟ್ಟಿದ್ದೀಯ ಎಂದು ಕೇಳಿದಾಗ ಸುಮ್ಮನಾದ.

ಅವನನ್ನು ಗೇಲಿ ಮಾಡಲು ಇದನ್ನು ಹೇಳುತ್ತಿಲ್ಲ. ಕಾಯುವುದರ ಹಿಂದೆ ಒಂದು ಲೆಕ್ಕವಿದೆ, ಮತ್ತು ಆ ಲೆಕ್ಕ ಬಹುಕಾಲ ಸರಿಯಾಗಿಯೇ ಇತ್ತು. ಒಂದು ಚಿಪ್ಪಿನ ಮೇಲೆ ಕೂಡಿಸಬಹುದಾದ ಬಿಡಿಭಾಗಗಳ ಸಂಖ್ಯೆ ವರ್ಷಕ್ಕೊಮ್ಮೆ ಇಮ್ಮಡಿಯಾಗುತ್ತದೆ ಎಂದು ಗೋರ್ಡನ್ ಮೂರ್ ಬರೆದದ್ದು 1965ರಲ್ಲಿ. 1975ರಲ್ಲಿ ಅವರೇ ಅದನ್ನು ಎರಡು ವರ್ಷಕ್ಕೊಮ್ಮೆ ಎಂದು ತಿದ್ದಿದರು. 1999ರಲ್ಲಿ ಅರಿಝೋನಾ ವಿಶ್ವವಿದ್ಯಾಲಯದ ಕೆಲವು ಖಗೋಳ ಸಂಶೋಧಕರು ಈ ನಿಯಮವನ್ನು ಇಟ್ಟುಕೊಂಡು ಅರ್ಧ ತಮಾಷೆಯ, ಅರ್ಧ ಗಂಭೀರವಾದ ಪ್ರಬಂಧವೊಂದನ್ನು ಬರೆದರು. ಯಂತ್ರದ ವೇಗ ಹದಿನೆಂಟು ತಿಂಗಳಿಗೆ ಇಮ್ಮಡಿಯಾಗುವುದಾದರೆ, ಮುಗಿಯಲು 26 ತಿಂಗಳಿಗಿಂತ ಹೆಚ್ಚು ಬೇಕಾಗುವ ಯಾವುದೇ ಲೆಕ್ಕವನ್ನು ಈಗಲೇ ಶುರು ಮಾಡುವುದು ದಡ್ಡತನ ಎಂದು ಅವರು ತೋರಿಸಿದರು. ಸ್ವಲ್ಪ ಕಾಲ ಸೋಮಾರಿಯಾಗಿದ್ದು, ಆಮೇಲೆ ಚುರುಕಾದ ಯಂತ್ರ ಕೊಂಡು ಶುರು ಮಾಡಿದವನೇ ಮೊದಲು ಮುಗಿಸುತ್ತಾನೆ! ಗಣಿತ ಸುಳ್ಳಲ್ಲ.

ಆದರೆ ಆ ಗಣಿತದೊಳಗೆ ಒಂದು ಊಹೆ ಅಡಗಿದೆ. ಕಾಯುವ ಅವಧಿಯಲ್ಲಿ ಲೆಕ್ಕ ಇದ್ದಲ್ಲೇ ಇರುತ್ತದೆ ಎಂಬುದೇ ಆ ಊಹೆ. ನಕ್ಷತ್ರಗಳ ಲೆಕ್ಕ ಎರಡು ವರ್ಷ ಕಾದರೂ ಹಾಳಾಗುವುದಿಲ್ಲ. ಎಂಬತ್ತೆರಡು ವರ್ಷದ ಮುದುಕರ ಉಸಿರು ಹಾಗಲ್ಲ. ಕಲಿಯುವವನ ಕೈಯೂ ಹಾಗಲ್ಲ. ಇಪ್ಪತ್ತರಲ್ಲಿ ಕಲಿಯಬಹುದಾದದ್ದನ್ನು ಇಪ್ಪತ್ತಾರರಲ್ಲಿ ಕಲಿಯುವಾಗ ಅದೇ ಮನುಷ್ಯನಿರುವುದಿಲ್ಲ. ಸಂಸಾರ ಬಂದಿರುತ್ತದೆ, ಅಂಗಡಿ ಬಂದಿರುತ್ತದೆ. ಯಂತ್ರ ಚುರುಕಾಗುತ್ತ ಹೋಗುವಾಗ ಮನುಷ್ಯ ಚುರುಕಾಗುತ್ತ ಹೋಗುವುದಿಲ್ಲ.

ಈ ಬಗೆಯ ಗೊಂದಲ ಹೊಸದೇನಲ್ಲ. ಹನ್ನೊಂದನೆಯ ಶತಮಾನದ ಕೊನೆಯಲ್ಲಿ ಇಮಾಮ್ ಗಝಾಲಿ ತತ್ವಜ್ಞಾನಿಗಳನ್ನು ಖಂಡಿಸಿ 'ತಹಾಫುತುಲ್ ಫಲಾಸಿಫ' ಬರೆದರು. ಅಲ್ಲಿನ ಚರ್ಚೆ ಯಾವುದೆಂದರೆ, ಜಗತ್ತಿಗೆ ಒಂದು ಆರಂಭವಿದೆ ಎನ್ನುವುದಾದರೆ ಅದು ಆ ಕ್ಷಣದಲ್ಲೇ ಏಕೆ ಆರಂಭವಾಯಿತು? ಅದಕ್ಕೆ ಮುಂಚೆ ಏಕಲ್ಲ, ಆಮೇಲೆ ಏಕಲ್ಲ? ಒಂದು ಕ್ಷಣಕ್ಕೂ ಇನ್ನೊಂದಕ್ಕೂ ವ್ಯತ್ಯಾಸವೇ ಇಲ್ಲದಿರುವಾಗ ಒಂದನ್ನು ಆರಿಸುವುದು ಹೇಗೆ ಸಾಧ್ಯ ಎಂದು ತತ್ವಜ್ಞಾನಿಗಳು ಕೇಳುತ್ತಿದ್ದರು. ಗಝಾಲಿ ಖರ್ಜೂರದ ಉದಾಹರಣೆ ಕೊಟ್ಟರು. ಒಬ್ಬನ ಮುಂದೆ ಎರಡು ಖರ್ಜೂರಗಳಿವೆ. ಬಣ್ಣ, ಗಾತ್ರ, ದೂರ ಎಲ್ಲವೂ ಒಂದೇ. ಅವನಿಗೆ ತಿನ್ನುವ ಆಸೆಯಿದೆ, ಎರಡನ್ನೂ ತೆಗೆದುಕೊಳ್ಳುವಂತಿಲ್ಲ. ಒಂದನ್ನು ಮೇಲು ಮಾಡುವ ಕಾರಣ ಸಿಗುವ ತನಕ ಅವನು ನೋಡುತ್ತಲೇ ನಿಲ್ಲುತ್ತಾನೆಯೇ? ಇಲ್ಲ, ಒಂದನ್ನು ಎತ್ತಿಕೊಳ್ಳುತ್ತಾನೆ. ಸಮಾನವಾದ ಎರಡರಲ್ಲಿ ಒಂದನ್ನು ಬೇರ್ಪಡಿಸಿ ಹಿಡಿಯುವ ಶಕ್ತಿಗೇ ಸಂಕಲ್ಪ ಎಂದು ಹೆಸರು ಎಂಬುದು ಗಝಾಲಿಯವರ ವಾದ. ಯುರೋಪಿನವರು ಇಂಥದ್ದನ್ನೇ ಎರಡು ಹುಲ್ಲಿನ ಮೆದೆಗಳ ನಡುವೆ ಹಸಿವಿನಿಂದ ಸತ್ತ ಕತ್ತೆಯ ಕಥೆಯಾಗಿ ಹೇಳಿದರು, ಅದನ್ನು ಹದಿನಾಲ್ಕನೆಯ ಶತಮಾನದ ಬುರಿಡಾನ್ ಎಂಬ ಪಂಡಿತನ ತಲೆಗೆ ಕಟ್ಟಿದರು. ಅವನ ಬರಹಗಳಲ್ಲಿ ಆ ಕತ್ತೆ ಇಲ್ಲವೇ ಇಲ್ಲ.

ಗಝಾಲಿಯವರಿಗೆ ಸುಮಾರು ಎಂಬತ್ತು ವರ್ಷದ ನಂತರ ಕೊರ್ದೋಬಾದ ಇಬ್ನ್ ರುಶ್ದ್ ಉತ್ತರ ಬರೆದರು. ಅವರು ಪ್ರಶ್ನೆಯನ್ನೇ ಬದಲಿಸಿಬಿಟ್ಟರು. ಆ ಮನುಷ್ಯ ಈ ಖರ್ಜೂರವೋ ಆ ಖರ್ಜೂರವೋ ಎಂದು ಆರಿಸುತ್ತಿಲ್ಲ ಎಂದರು. ಯಾವುದನ್ನು ತೆಗೆದುಕೊಂಡರೂ ಅವನ ಉದ್ದೇಶ ಈಡೇರುತ್ತದೆ. ಅವನು ನಿಜವಾಗಿ ಆರಿಸುತ್ತಿರುವುದು ತೆಗೆದುಕೊಳ್ಳುವುದು ಮತ್ತು ಎರಡನ್ನೂ ಬಿಟ್ಟುಬಿಡುವುದು, ಇವೆರಡರಲ್ಲಿ ಒಂದನ್ನು. ತಿನ್ನುವುದೋ, ಹಸಿದಿರುವುದೋ.

ಇಬ್ಬರಲ್ಲಿ ಯಾರು ಸರಿ ಎಂಬ ದೊಡ್ಡ ಚರ್ಚೆ ನಮಗಿಲ್ಲಿ ಬೇಡ. ದೇವರ ಸಂಕಲ್ಪದ ವಿಷಯವನ್ನು ಪಂಡಿತರಿಗೆ ಬಿಡೋಣ. ಆದರೆ ಕಂಪ್ಯೂಟರ್ ಕೊಳ್ಳುವ ಹುಡುಗನ ಮಟ್ಟಿಗೆ ಇಬ್ನ್ ರುಶ್ದ್ ಹೇಳಿದ್ದು ನನಗೆ ಕೈಗೆ ಹತ್ತುವ ಮಾತಾಗಿ ಕಾಣುತ್ತದೆ. ಈ ವರ್ಷದ ಯಂತ್ರವೋ ಬರುವ ವರ್ಷದ್ದೋ ಎಂದು ಅವನು ತನ್ನ ಪ್ರಶ್ನೆಯನ್ನು ಇಟ್ಟುಕೊಂಡಿದ್ದಾನೆ. ಅವನ ಮುಂದಿರುವ ನಿಜವಾದ ಪ್ರಶ್ನೆ ಹಾಡು ಮಾಡುವುದೋ ಬಿಡುವುದೋ ಎಂಬುದು. ಮೊದಲನೆಯದನ್ನು ಕೇಳುತ್ತ ಕುಳಿತರೆ ಎರಡನೆಯದಕ್ಕೆ 'ಬಿಡುವುದು' ಎಂಬ ಉತ್ತರ ತಾನಾಗಿ ಬಿದ್ದುಹೋಗುತ್ತದೆ. ಯಾರೂ ಅದನ್ನು ಆರಿಸಿರುವುದಿಲ್ಲ, ಆದರೂ ಆಗಿರುತ್ತದೆ.

ಸಂಗೀತವೇ ಸಲ್ಲುತ್ತದೆಯೋ ಇಲ್ಲವೋ ಎಂಬ ಚರ್ಚೆ ನಮ್ಮಲ್ಲಿ ಹಳೆಯದು, ನನಗೆ ಅದು ಗೊತ್ತಿಲ್ಲದ್ದಲ್ಲ. ಅದೇ ಗಝಾಲಿ 'ಇಹ್ಯಾ'ದಲ್ಲಿ ಸಮಾ ಕುರಿತು ಒಂದು ಇಡೀ ಅಧ್ಯಾಯ ಬರೆದಿದ್ದಾರೆ. ಓದಬೇಕೆನ್ನುವವರು ಅಲ್ಲಿ ಓದಲಿ. ಇಲ್ಲಿ ನಾನು ಹಾಡುವವರ ವಿಷಯ ಹೇಳುತ್ತಿದ್ದೇನೆ.

ಹಾಗಾದರೆ ಯಾರಾದರೂ ಕಂಪ್ಯೂಟರ್ ಬೇಕೆಂದ ಕೂಡಲೇ ಕೊಂಡುಬಿಡಬೇಕೇ? ಇಬ್ನ್ ರುಶ್ದರ ಉತ್ತರ ನಿಲ್ಲುವುದು ತಿನ್ನುವವನಿಗೆ ನಿಜವಾಗಿ ಹಸಿವಿದ್ದಾಗ. ಹಸಿವೇ ಇಲ್ಲದವನು ಎರಡು ಖರ್ಜೂರವನ್ನು ಹೋಲಿಸುತ್ತ ನಿಂತರೆ ಅದು ಬೇರೆಯೇ ಆಟ. ಕೊಳ್ಳುಬಾಕತನದ ಈ ಕಾಲದಲ್ಲಿ ಕೊಳ್ಳುವುದೇ ಒಂದು ಕೆಲಸ ಮಾಡಿದಂಥ ತೃಪ್ತಿ ಕೊಡುತ್ತದೆ. ಹೊಸ ಪೆನ್ನು ಕೊಂಡ ದಿನ ಕಾದಂಬರಿ ಬರೆದಷ್ಟೇ ಸಂತೋಷವಾಗುವ ಲೇಖಕರಿದ್ದಾರೆ. ಅಟ್ಟದ ಮೇಲೆ ಧೂಳು ತಿನ್ನುವ ಹಾರ್ಮೋನಿಯಂ ಎಷ್ಟು ಮನೆಗಳಲ್ಲಿಲ್ಲ? ಇಸ್ರಾಫ್ ಅಂದರೆ ದುಂದು ಎಂದು ನಾವು ಮದುವೆಯ ಬಿರಿಯಾನಿಯನ್ನು ಮಾತ್ರ ನೆನೆಯುತ್ತೇವೆ. ಬಳಸದೆ ಇಟ್ಟ ಒಳ್ಳೆಯ ಸಾಧನವೂ ದುಂದೇ. ಆದ್ದರಿಂದ ಅವಸರದಲ್ಲಿ ಕೊಳ್ಳುವವನೂ ಅನಂತವಾಗಿ ಕಾಯುವವನೂ ನನ್ನ ಕಣ್ಣಿಗೆ ಅಣ್ಣತಮ್ಮಂದಿರಂತೆ ಕಾಣುತ್ತಾರೆ. ಇಬ್ಬರೂ ಯಂತ್ರದ ಕಡೆ ನೋಡುತ್ತಿದ್ದಾರೆ, ಹಾಡಿನ ಕಡೆ ಅಲ್ಲ.

ಸಾಧನ ಕೊಳ್ಳುವುದಕ್ಕೆ ನಮ್ಮ ಹಿಂದಿನವರ ರೀತಿ ಬೇರೆಯಿತ್ತು. ಧಾರವಾಡದ ಕಡೆಯ ಹಾಡುಗಾರರು ತಂಬೂರಿ ತರಲು ಮಿರಜಕ್ಕೆ ಹೋಗುತ್ತಿದ್ದರು. ಅಬ್ದುಲ್ ಕರೀಂ ಖಾನ್ ಸಾಹೇಬರು ನೆಲೆಸಿದ್ದ ಊರು ಅದು. ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರು, ಅವರಿಂದ ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ, ಹೀಗೆ ನಮ್ಮ ಊರುಗಳಿಗೆ ಕಿರಾನಾ ಗಾಯಕಿ ಬಂದದ್ದು ಮಿರಜದ ದಾರಿಯಲ್ಲಿ. ಅಲ್ಲಿ ತಂಬೂರಿ ಮಾಡುವವರು ಹಿಂದೆ ಕತ್ತಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದವರು. ಕತ್ತಿಯ ಕಾಲ ಮುಗಿದಾಗ ಅದೇ ಕೈಗಳು ತಂತಿಗೆ ಹೊರಳಿದವು. 2024ರಲ್ಲಿ ಮಿರಜದ ಸಿತಾರ್ ಮತ್ತು ತಂಬೂರಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ತಂಬೂರಿಯ ಬುರುಡೆಗೆ ಬೇಕಾದ ದೊಡ್ಡ ಸೋರೆಕಾಯಿ ಪಂಢರಪುರದ ಸುತ್ತಿನ ಹೊಲಗಳಲ್ಲಿ ಬೆಳೆಯುತ್ತದೆ. ಅದು ಬಲಿಯಬೇಕು, ಒಣಗಬೇಕು, ಮರ ಪಕ್ವವಾಗಬೇಕು. ಅಲ್ಲಿ ಕಾಯುವುದಕ್ಕೆ ಅರ್ಥವಿದೆ. ಕಾದಷ್ಟೂ ವಸ್ತು ಮಾಗುತ್ತದೆ, ಕೊಂಡ ಮೇಲೂ ಮಾಗುತ್ತ ಹೋಗುತ್ತದೆ. ಗುರುವಿನ ತಂಬೂರಿ ಶಿಷ್ಯನಿಗೆ ಬಂದರೆ ಅದು ಹಳತಾಯಿತೆಂದು ಯಾರೂ ಮೂಗು ಮುರಿಯುವುದಿಲ್ಲ.

ಕಂಪ್ಯೂಟರ್ ಮಾಗುವ ವಸ್ತುವಲ್ಲ. ಪೆಟ್ಟಿಗೆ ತೆರೆದ ದಿನದಿಂದ ಅದರ ಬೆಲೆ ಇಳಿಯತೊಡಗುತ್ತದೆ. ಹಾಗಾಗಿ ತಂಬೂರಿಯ ಕಾಲದಿಂದ ನಮಗೆ ಬಂದ ತಾಳ್ಮೆಯನ್ನು ಇದಕ್ಕೆ ಅನ್ವಯಿಸಿದರೆ ಎಡವಟ್ಟಾಗುತ್ತದೆ. ಸಬ್ರ್ ದೊಡ್ಡ ಗುಣ. ಆದರೆ ಎಲ್ಲ ಕಾಯುವಿಕೆಯೂ ಸಬ್ರ್ ಅಲ್ಲ. ಕೆಲವು ಬರೀ ಅಂಜಿಕೆ. ದುಡ್ಡು ಹಾಕಿ ಕೊಂಡ ಮೇಲೆ 'ಯಂತ್ರವಿಲ್ಲ' ಎಂಬ ನೆಪ ಕೈಬಿಟ್ಟುಹೋಗುತ್ತದೆ, ನನ್ನ ಹಾಡು ಚೆನ್ನಾಗಿಲ್ಲದಿದ್ದರೆ ಅದು ನನ್ನದೇ ಹೊಣೆಯಾಗುತ್ತದೆ. ಆ ದಿನವನ್ನು ಮುಂದೂಡಲು ಕಂಪನಿಗಳ ಕ್ಯಾಲೆಂಡರಿಗಿಂತ ಒಳ್ಳೆಯ ಸಹಾಯಕ ಬೇರೆ ಇಲ್ಲ.

ಇಲ್ಲಿ ಕೆಲವರು ಅಮೆರಿಕದ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಕಥೆ ಹೇಳುತ್ತಾರೆ. 1982ರ ಜನವರಿಯಲ್ಲಿ ಆತ ತಾನಿದ್ದ ಬಾಡಿಗೆ ಮನೆಯಲ್ಲಿ, ನಾಲ್ಕು ಟ್ರ್ಯಾಕಿನ ಒಂದು ಕ್ಯಾಸೆಟ್ ಯಂತ್ರದ ಮುಂದೆ ಕುಳಿತು ಗಿಟಾರ್ ಹಿಡಿದು ಹಾಡುಗಳನ್ನು ಧ್ವನಿಮುದ್ರಿಸಿದ. ಅವು ತಂಡಕ್ಕೆ ಕಲಿಸಲೆಂದು ಮಾಡಿಕೊಂಡ ಕರಡು. ಆಮೇಲೆ ದೊಡ್ಡ ಸ್ಟುಡಿಯೋದಲ್ಲಿ ತಂಡದೊಂದಿಗೆ ಎಷ್ಟು ಪ್ರಯತ್ನಿಸಿದರೂ ಕರಡಿನಲ್ಲಿದ್ದ ಗುಣ ಬರಲಿಲ್ಲ. ಕೊನೆಗೆ ಆ ಕ್ಯಾಸೆಟ್ಟನ್ನೇ 'ನೆಬ್ರಾಸ್ಕಾ' ಎಂಬ ಹೆಸರಿನಲ್ಲಿ ಹೊರತಂದರು. ನೋಡಿ, ಯಂತ್ರ ಮುಖ್ಯವಲ್ಲ ಎಂದು ಇದರ ನೀತಿ ಹೇಳುತ್ತಾರೆ. ನನಗೆ ಆ ನೀತಿ ಒಪ್ಪಿಗೆಯಿಲ್ಲ. ಆ ಕ್ಯಾಸೆಟ್ ಯಂತ್ರ ಮಾರುಕಟ್ಟೆಗೆ ಬಂದದ್ದೇ 1979ರಲ್ಲಿ. ಅದಿಲ್ಲದಿದ್ದರೆ ಆ ಮನೆಯಲ್ಲಿ ಆ ಹಾಡುಗಳು ಆ ರೀತಿ ಹುಟ್ಟುತ್ತಿರಲಿಲ್ಲ. ಯಂತ್ರ ಮುಖ್ಯವಲ್ಲ ಎಂದು ಬಡವರ ಮಕ್ಕಳಿಗೆ ಉಪದೇಶ ಮಾಡುವವರು ಸಾಮಾನ್ಯವಾಗಿ ಯಂತ್ರ ಇರುವವರು.

ಯಂತ್ರದ ದೌರ್ಬಲ್ಯ ಕಲ್ಪನೆಯೂ ಅಲ್ಲ. ಕಂಪ್ಯೂಟರ್ ಧ್ವನಿಯನ್ನು ಸೆಕೆಂಡಿಗೆ 48,000 ಸಲ ಅಳೆದು ಅಂಕಿಗಳಾಗಿ ಇಡುತ್ತದೆ. ಅಳೆದದ್ದನ್ನು ಒಂದೊಂದಾಗಿ ಅಲ್ಲ, ಕಂತೆ ಕಟ್ಟಿ ಸಾಗಿಸುತ್ತದೆ. ಯಂತ್ರ ನಿಧಾನವಾದಷ್ಟೂ ಕಂತೆ ದೊಡ್ಡದಿರಬೇಕು. 1,024 ಅಳತೆಗಳ ಕಂತೆ ಕಟ್ಟಿದರೆ ಅದೊಂದಕ್ಕೇ ಸೆಕೆಂಡಿನ ಸುಮಾರು 21 ಸಾವಿರದಂಶ ತಡ. ಅಷ್ಟು ಹೊತ್ತಿನಲ್ಲಿ ಗಾಳಿಯಲ್ಲಿ ಶಬ್ದ ಏಳು ಮೀಟರ್ ಹೋಗುತ್ತದೆ. ಅಂದರೆ ಹೆಡ್‌ಫೋನ್ ಹಾಕಿಕೊಂಡು ಹಾಡುವವನಿಗೆ ತನ್ನ ದನಿಯೇ ಅಂಗಳದ ಆ ತುದಿಯಿಂದ ಬಂದಂತೆ ಕೇಳುತ್ತದೆ. ಲಯ ಹಿಡಿದು ಹಾಡುವುದು ಕಷ್ಟ. ಕಂತೆಯನ್ನು 256ಕ್ಕೆ ಇಳಿಸಿದರೆ ತಡ ಐದು ಸಾವಿರದಂಶದ ಆಸುಪಾಸಿಗೆ ಬರುತ್ತದೆ, ಹಾಡುವವನಿಗೆ ತೊಂದರೆಯಿಲ್ಲ. ಆದರೆ ತುಂಬಾ ಹಳೆಯ ಯಂತ್ರ ಆಗ ಏದುಸಿರು ಬಿಡುತ್ತದೆ, ಧ್ವನಿ ಚಟಚಟ ಎನ್ನುತ್ತದೆ. ಈ ತೊಂದರೆ ಅನುಭವಿಸಿದವನು ಹೊಸ ಯಂತ್ರ ಬೇಕೆಂದರೆ ಅದು ಶೋಕಿಯಲ್ಲ. ಗಮನಿಸಬೇಕಾದದ್ದು 'ಅನುಭವಿಸಿದವನು' ಎಂಬ ಮಾತನ್ನು. ಹಾಡು ಶುರು ಮಾಡಿ ಎಲ್ಲಿ ಸಿಕ್ಕಿಬಿದ್ದೆವು ಎಂದು ಗೊತ್ತಾದವನಿಗೆ ಯಾವಾಗ ಕೊಳ್ಳಬೇಕು ಎಂಬುದೂ ಗೊತ್ತಾಗುತ್ತದೆ, ಏನು ಕೊಳ್ಳಬೇಕು ಎಂಬುದೂ ಗೊತ್ತಾಗುತ್ತದೆ. ಶುರು ಮಾಡದವನಿಗೆ ಅಂಗಡಿಯವನು ಹೇಳಿದ್ದೇ ವೇದವಾಕ್ಯ.

ಕಾಯಲೇಬೇಕಾದ ಸಂದರ್ಭಗಳೂ ಇವೆ. ಅರ್ಧ ಮುಗಿದ ಕೆಲಸ ಹಳೆಯ ಯಂತ್ರದಲ್ಲಿರುವಾಗ ಯಂತ್ರ ಬದಲಿಸಬಾರದು. ಒಂದು ಕಂಪನಿ ತನ್ನ ಇಡೀ ವ್ಯವಸ್ಥೆಯನ್ನೇ ಬದಲಿಸುವಾಗ ಮೊದಲ ಸಾಲಿನಲ್ಲಿ ನಿಲ್ಲಬಾರದು. 2020ರ ನವೆಂಬರಿನಲ್ಲಿ ಆಪಲ್ ತನ್ನದೇ ಚಿಪ್ಪಿನ ಎಂ1 ಕಂಪ್ಯೂಟರುಗಳನ್ನು ಹೊರತಂದಾಗ ಅವು ನಿಜಕ್ಕೂ ಚುರುಕಾಗಿದ್ದವು, ಆದರೆ ಸಂಗೀತದ ಹಲವು ಸಾಫ್ಟ್‌ವೇರುಗಳು ಅವಕ್ಕೆ ಇನ್ನೂ ಹೊಂದಿಕೊಂಡಿರಲಿಲ್ಲ. ಸ್ವಲ್ಪ ತಡೆಯಿರಿ ಎಂದು ತಯಾರಕರೇ ಹೇಳಬೇಕಾಯಿತು. ಇನ್ನು 2002ರಲ್ಲಿ ಅದೇ ಆಪಲ್ 'ಲಾಜಿಕ್' ಎಂಬ ಸಂಗೀತದ ಸಾಫ್ಟ್‌ವೇರ್ ಮಾಡುವ ಕಂಪನಿಯನ್ನು ಕೊಂಡು, ಅದರ ವಿಂಡೋಸ್ ಆವೃತ್ತಿಯನ್ನು ನಿಲ್ಲಿಸಿಬಿಟ್ಟಿತು. ವಿಂಡೋಸ್ ಮೇಲೆ ಅದನ್ನು ಕಲಿತು ನಂಬಿದ್ದವರು ನಡುದಾರಿಯಲ್ಲಿ ನಿಂತರು. ಎಷ್ಟು ಲೆಕ್ಕ ಹಾಕಿ ಕೊಂಡರೂ ಇಂಥದ್ದನ್ನು ಮುಂಚೆ ತಿಳಿಯುವ ದಾರಿಯಿಲ್ಲ.

ಸಾಲದ ವಿಷಯವೂ ಇದೆ. ಬಡ್ಡಿಯನ್ನು ಬಡ್ಡಿಯೆಂದು ಕರೆದರೆ ನಮ್ಮಲ್ಲಿ ಎಷ್ಟೋ ಮಂದಿ ದೂರ ಸರಿಯುತ್ತಾರೆಂದೋ ಏನೋ, ಬಜಾರು ಅದಕ್ಕೆ 'ಸೊನ್ನೆ ಬಡ್ಡಿಯ ಕಂತು' ಎಂಬ ಹೆಸರಿಟ್ಟಿದೆ. ಸೊನ್ನೆ ಬಡ್ಡಿ ಎಂಬುದೇ ಇಲ್ಲ, ಅದು ಬೇರೆ ಶುಲ್ಕದ ರೂಪದಲ್ಲಿ ಅಡಗಿರುತ್ತದೆ ಎಂದು 2013ರಲ್ಲಿ ರಿಸರ್ವ್ ಬ್ಯಾಂಕೇ ಬ್ಯಾಂಕುಗಳನ್ನು ತರಾಟೆಗೆ ತೆಗೆದುಕೊಂಡಿತ್ತು. ಧರ್ಮದ ಮಾತು ಬದಿಗಿರಲಿ. ತಿಂಗಳ ಸಂಬಳದಲ್ಲಿ ತಂಗಿಯ ಬಿ.ಎಡ್. ಫೀಸೂ ಹೋಗಬೇಕಾದ ಮನೆಯಲ್ಲಿ ಕಂತಿನ ಯಂತ್ರ ತಂದವನು ಅದರ ಮುಂದೆ ನೆಮ್ಮದಿಯಿಂದ ಕುಳಿತು ಹಾಡು ಮಾಡಲಾರ. ಪ್ರತಿ ತಿಂಗಳು ಐದನೇ ತಾರೀಕು ಬರುತ್ತದೆ. ಬೇರೆಯವರ ಪಾಲನ್ನು ತಿಂದು ಬಂದ ಸಾಧನ ಎಂದು ಮನಸ್ಸು ಚುಚ್ಚುತ್ತಿದ್ದರೆ ಕಾಯುವುದೇ ಸರಿ. ಅದು ನಿಜವಾದ ಸಬ್ರ್.

ಆದರೆ ಕಾದರೆ ಅಗ್ಗವಾಗುತ್ತದೆ ಎಂಬ ನಂಬಿಕೆಗೂ ಈಚೆಗೆ ಪೆಟ್ಟು ಬಿದ್ದಿದೆ. 2025ರ ಕೊನೆಯಲ್ಲಿ ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಕೇಂದ್ರಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳತೊಡಗಿ, ಸಾಮಾನ್ಯರ ಕಂಪ್ಯೂಟರಿಗೆ ಹಾಕುವ ರ್‍ಯಾಮ್ ಬೆಲೆ ಏಕಾಏಕಿ ಏರಿತು. ವರ್ಷಾನುಗಟ್ಟಲೆ ಕಾದವರು ಹೆಚ್ಚು ಕೊಡಬೇಕಾಯಿತು. ಅದೇ ವರ್ಷ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಾಮಾನ್ಯ ಬೆಂಬಲ ನಿಲ್ಲಿಸಿತು. ಹೊಸ ವಿಂಡೋಸಿಗೆ ಅರ್ಹವಲ್ಲದ, ಆದರೆ ಚೆನ್ನಾಗಿಯೇ ಓಡುತ್ತಿದ್ದ ಅಸಂಖ್ಯ ಯಂತ್ರಗಳು ಒಂದೇ ದಿನದಲ್ಲಿ 'ಹಳೆಯವು' ಎನಿಸಿಕೊಂಡವು. ಹಳೆಯದು ಎಂಬುದು ಯಂತ್ರದ ಗುಣವಲ್ಲ, ಎಷ್ಟೋ ಸಲ ಅದು ಬೇರೆ ಯಾರೋ ಮಾಡುವ ಘೋಷಣೆ. ಇಂಟರ್‌ನೆಟ್ ತಂತಿ ಕಿತ್ತು, ಬರೀ ಹಾಡಿಗೆಂದು ಇಟ್ಟುಕೊಂಡ ಯಂತ್ರಕ್ಕೆ ಆ ಘೋಷಣೆ ಅಷ್ಟಾಗಿ ತಟ್ಟುವುದಿಲ್ಲ.

ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಯಂತ್ರಕ್ಕೆ ಅರವತ್ತು ಸಾವಿರ ಕೂಡಿಸುವ ಹುಡುಗರು ಸಾಫ್ಟ್‌ವೇರಿಗೆ ಒಂದು ರೂಪಾಯಿಯೂ ಎತ್ತಿಡುವುದಿಲ್ಲ. ಕದ್ದ ಪ್ರತಿ ಹಾಕಿಕೊಳ್ಳುವುದು ಎಲ್ಲರೂ ಮಾಡುವ ಕೆಲಸ ಎಂಬಂತಾಗಿದೆ. ತನ್ನ ಹಾಡನ್ನು ಯಾರೋ ಕದ್ದು ಹಾಕಿಕೊಂಡರೆ ಕೆರಳುವವನು ಇನ್ನೊಬ್ಬರ ದುಡಿಮೆಯನ್ನು ಕದ್ದು ಆ ಹಾಡು ಮಾಡಿರುತ್ತಾನೆ. ಆರ್ಡರ್ ಇದೆ, ಆಡಾಸಿಟಿ ಇದೆ. ಇವು ಮುಕ್ತ ಸಾಫ್ಟ್‌ವೇರುಗಳು, ಕದಿಯುವ ಅಗತ್ಯವೇ ಇಲ್ಲ. ಯಾವಾಗ ಕೊಳ್ಳಬೇಕು ಎಂದು ಇಷ್ಟು ತಲೆಕೆಡಿಸಿಕೊಳ್ಳುವವರು ಇದರ ಬಗ್ಗೆ ಒಂದು ಗಳಿಗೆಯೂ ಯೋಚಿಸದಿರುವುದು ನನಗೆ ಸೋಜಿಗ.

ಕಾಯುವ ಬೆಲೆ ಎಲ್ಲರಿಗೂ ಒಂದೇ ಅಲ್ಲ ಎಂಬುದನ್ನೂ ಗಮನಿಸಬೇಕು. ಉಳ್ಳವನು ಒಂದು ವರ್ಷ ಕಾದರೆ ಅವನ ಬಳಿ ಹಳೆಯ ಯಂತ್ರವಾದರೂ ಇರುತ್ತದೆ, ಕೆಲಸ ನಡೆಯುತ್ತಿರುತ್ತದೆ. ಅವನು ಕಾಯುವುದು ಉತ್ತಮವಾದದ್ದಕ್ಕೆ. ಇಲ್ಲದವನು ಕಾಯುವುದು ಮೊದಲನೆಯದಕ್ಕೆ. ಇಬ್ಬರಿಗೂ 'ತಾಳ್ಮೆಯಿರಲಿ' ಎಂದು ಒಂದೇ ಬುದ್ಧಿಮಾತು ಹೇಳುವುದು ನ್ಯಾಯವಲ್ಲ. ನಮ್ಮ ಮನೆಗಳಲ್ಲಿ ಮದುವೆಗೆ, ಮನೆಯ ಗೃಹಪ್ರವೇಶಕ್ಕೆ ಸಾಲ ಮಾಡುವುದನ್ನು ಯಾರೂ ಪ್ರಶ್ನಿಸುವುದಿಲ್ಲ. ಮಗ ಸಂಗೀತಕ್ಕೊಂದು ಸಾಧನ ಬೇಕೆಂದರೆ ಮಾತ್ರ ಇಡೀ ಕುಟುಂಬಕ್ಕೆ ಮಿತವ್ಯಯ ನೆನಪಾಗುತ್ತದೆ. ಹುಡುಗಿಯಾಗಿದ್ದರಂತೂ ಕೇಳುವುದೇ ಬೇಡ.

ನನ್ನ ವಿದ್ಯಾರ್ಥಿ ಕೊನೆಗೆ ಶುರು ಮಾಡಿದ್ದು ನಾನು ಹೇಳಿದ್ದಕ್ಕಲ್ಲ, ಮೊಹರಂ ಬಂದದ್ದಕ್ಕೆ. 2025ರಲ್ಲಿ ಅಶೂರಾ ಜುಲೈ ಮೊದಲ ವಾರ ಬಿತ್ತು. ಅದಕ್ಕೆ ಹತ್ತು ದಿನ ಮುಂಚೆ ಹಳ್ಳಿಗೆ ಹೋಗಿ ತನ್ನ ಮೊಬೈಲನ್ನೇ ಅಜ್ಜನ ಮುಂದೆ ಇಟ್ಟ. ಅಜ್ಜ ಹನ್ನೊಂದು ಪದ ಹಾಡಿದರು. ಮನೆಯ ಪಡಸಾಲೆಯಲ್ಲಿ ಒಬ್ಬರೇ ಕುಳಿತು ಹಾಡಿದ್ದು ಸ್ಪಷ್ಟವಾಗಿಯೇ ಬಂತು. ನಡುವೆ ಕೆಮ್ಮು, ಎಮ್ಮೆಯ ಕೂಗು ಎಲ್ಲವೂ ಬಂತು. ತೊಂದರೆಯಾದದ್ದು ಮೇಳ ಕೂಡಿದಾಗ. ಐದು ಜನ ಸುತ್ತುತ್ತ ಹಾಡುವಾಗ ಹತ್ತಿರ ಬಂದವನ ದನಿ ಬಡಿಯುತ್ತದೆ, ದೂರ ಹೋದವನದು ಮಾಯವಾಗುತ್ತದೆ, ಹಲಗೆಯ ಸದ್ದಿನಲ್ಲಿ ಅಜ್ಜನ ಮಾತೇ ಕೇಳುವುದಿಲ್ಲ. ಒಂದೇ ಮೈಕಿನಲ್ಲಿ ಬಂದದ್ದನ್ನು ಆಮೇಲೆ ಬಿಡಿಸಿ ಸರಿಮಾಡುವಂತಿಲ್ಲ.

ಮೂರು ವರ್ಷ ಅವನು ಓದಿದ್ದು ಪ್ರೊಸೆಸರಿನ ಬಗ್ಗೆ. ಅವನಿಗೆ ಬೇಕಾಗಿದ್ದದ್ದು ನಾಲ್ಕು ಮೈಕುಗಳನ್ನು ಏಕಕಾಲಕ್ಕೆ ಬೇರೆ ಬೇರೆಯಾಗಿ ತೆಗೆದುಕೊಳ್ಳುವ ಒಂದು ಪೆಟ್ಟಿಗೆ. ಆಡಿಯೋ ಇಂಟರ್‌ಫೇಸ್ ಎನ್ನುತ್ತಾರೆ. ನಾಲ್ಕು ಟ್ರ್ಯಾಕುಗಳನ್ನು ಒಳ್ಳೆಯ ಗುಣಮಟ್ಟದಲ್ಲಿ ಮುದ್ರಿಸಿದರೆ ನಿಮಿಷಕ್ಕೆ ಸುಮಾರು 35 ಎಂಬಿ, ಗಂಟೆಗೆ ಎರಡು ಜಿಬಿಯಷ್ಟು. ಇದಕ್ಕೆ ಹತ್ತು ವರ್ಷ ಹಿಂದಿನ ಕಂಪ್ಯೂಟರ್ ಧಾರಾಳವಾಗಿ ಸಾಕು. ಯಾವುದೋ ಕಚೇರಿಯವರು ಹೊಸತನ್ನು ತರಿಸಿಕೊಂಡು ಮಾರಿದ ಲ್ಯಾಪ್‌ಟಾಪನ್ನು ಆಗಸ್ಟಿನಲ್ಲಿ ಹದಿನಾಲ್ಕು ಸಾವಿರಕ್ಕೆ ಕೊಂಡ. ಪೆಟ್ಟಿಗೆ ಮತ್ತು ಮೈಕುಗಳೇ ಅದಕ್ಕಿಂತ ದುಬಾರಿಯಾದವು. ಹಾರ್ಮೋನಿಯಂ, ಸಾರಂಗಿ ಕೂಡಿಸುವ ಮಾತನ್ನು ಈಗ ಎತ್ತುವುದಿಲ್ಲ. ಕೂಡಿಸಿದರೆ ಕೆಡುತ್ತದೆ ಎಂದು ಅವನಿಗೇ ಅನ್ನಿಸಿರಬೇಕು, ಅಥವಾ ಅಜ್ಜನೇ ಬೈದಿರಬೇಕು.

ಆ ಹನ್ನೊಂದರಲ್ಲಿ ನಾಲ್ಕನೆಯ ಪದ ಅರ್ಧಕ್ಕೇ ನಿಂತಿದೆ. ನುಡಿ ನೆನಪಾಗದೆ ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು, ಮುಂದಿನದು ತಮ್ಮ ಮೇಳದಲ್ಲಿದ್ದ ಇನ್ನೊಬ್ಬರಿಗೆ ಬರುತ್ತದೆ ಎಂದು ಊರ ಹೆಸರು ಹೇಳಿದ್ದು ಮೊಬೈಲಿನಲ್ಲಿ ಹಾಗೆಯೇ ಇದೆ. ಅವರು ಅಜ್ಜನಿಗಿಂತ ಎರಡು ವರ್ಷ ದೊಡ್ಡವರಂತೆ. ಆ ಊರಿಗೆ ಬಸ್ಸು ದಿನಕ್ಕೆ ಎರಡೇ. ಹುಡುಗನಿಗೆ ಅಂಗಡಿಯಲ್ಲಿ ರಜೆ ಸಿಗುವುದು ಶುಕ್ರವಾರ, ಬರುವ ಶುಕ್ರವಾರ ಹೋಗುತ್ತೇನೆ ಎಂದಿದ್ದಾನೆ.